ಬಾಣಂತಿಯ ಕಿವಿಯಲ್ಲಿ ನನ್ನ ದನಿ

ಬಳ್ಳಾರಿಗೆ ಬಂದ ಮೊದಲ ವಾರದಲ್ಲೇ ಮನೆ ಓನರಮ್ಮ ನನಗೆ ದೃಷ್ಟಿ ತೆಗೆದರು. ಕೇಳಲಿಲ್ಲ, ಗೀಳಲಿಲ್ಲ. ಬಾಗಿಲು ತಟ್ಟಿ ಒಳಗೆ ಬಂದವರೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಉಪ್ಪು ಮೆಣಸಿನಕಾಯಿ ಹಿಡಿದ ಮುಷ್ಟಿಯನ್ನು ತಲೆಯಿಂದ ಕಾಲಿನವರೆಗೆ ಇಳಿಸಿ, ಮುಷ್ಟಿಗೆ ಉಗುಳಿಸಿಕೊಂಡು ಕೆಳಗಿಳಿದು ಹೋದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದಲೇ ಕೂಗಿದರು: “ನೋಡ್ರಿ, ಬೆಂಕ್ಯಾಗ ಹಾಕಿದ್ರೂ ಘಾಟ ಬರಲಿಲ್ಲ. ಭಾಳ ಆಗಿತ್ತು ನಿಮಗ!”

ಯಾಕಮ್ಮಾ ಇದೆಲ್ಲ ಅಂತ ಕೇಳಿದೆ. ಶರಣಮ್ಮನವರು ಗುಟ್ಟು ಇಟ್ಟುಕೊಳ್ಳುವವರಲ್ಲ. “ಒಬ್ರ ಕುಂತು ಮಾತಾಡ್ತೀರಿ. ಅತ್ಲಾಗಿಂದ ಯಾರೂ ಮಾತಾಡಂಗಿಲ್ಲ. ನಡುವ ನಿಲ್ಲಸ್ತೀರಿ, ಮತ್ತ ಅದನ್ನ ಮೊದಲಿಂದ ಮಾತಾಡ್ತೀರಿ. ಮೆಟ್ಲ ಮ್ಯಾಲ ನಿಂತು ನಾನೇ ಕೇಳೀನಿ. ವಯಸ್ಸಿನ ಹೆಣ್ಮಗಳು, ದೂರದಿಂದ ಬಂದೀರಿ, ಗಾಳಿ ಗೀಳಿ ಸೋಕೈತೇನೋ ಅಂತ ಅಂಜಿಕಿ ಆತು ನನಗ.”

ನಗು ಬಂತು. ಆದರೆ ಅವರು ಹೋದಮೇಲೆ ಒಬ್ಬಳೇ ಕೂತಾಗ ನಗು ನಿಂತುಹೋಯಿತು. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ನನ್ನ ಕೆಲಸವೇ ಅಂಥದ್ದು ಕಣ್ರೀ, ಏನು ಮಾಡಲಿ. ನಾನು ಆಪ್ತಸಮಾಲೋಚಕಿ. ಮನಸ್ಸು ಕುಗ್ಗಿದವರ, ಹೆದರಿದವರ ಮಾತು ಕೇಳಿ, ಅದರಿಂದ ಈಚೆ ಬರುವ ದಾರಿ ಹುಡುಕಲು ಜೊತೆ ಕೊಡುವವಳು. ನಮ್ಮ ಮಂಡ್ಯದಲ್ಲಿದ್ದಾಗ ಬಂದವರನ್ನು ಎದುರಿಗೆ ಕೂರಿಸಿಕೊಂಡು, ಮುಖ ನೋಡುತ್ತಾ ಮಾತಾಡುತ್ತಿದ್ದೆ. ಇಲ್ಲಿ ಸೇರಿಕೊಂಡ ಸಂಸ್ಥೆಯಲ್ಲಿ ಎದುರುಬದುರೂ ಇಲ್ಲ, ಫೋನ್ ಕರೆಯೂ ಇಲ್ಲ. ಸ್ವಂತ ಫೋನಿಲ್ಲದ, ಸ್ವಂತ ಕೋಣೆಯಿಲ್ಲದ, ಬಾಯಿ ಬಿಟ್ಟರೆ ನಾಲ್ಕು ಜನ ಕೇಳಿಸಿಕೊಳ್ಳುವ ಮನೆಗಳ ಹೆಂಗಸರಿಗಾಗಿ ಮಾಡಿದ ಏರ್ಪಾಡು ಇದು. ಅವರು ಸಂದು ಸಿಕ್ಕಾಗ ತಮ್ಮ ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ನಾನು ಕೇಳಿ, ಯೋಚಿಸಿ, ನನ್ನ ಮಾತನ್ನು ಹಾಗೇ ಕಳಿಸುತ್ತೇನೆ. ಅವರು ಮತ್ತೆ ಸಂದು ಸಿಕ್ಕಾಗ ಕೇಳುತ್ತಾರೆ.

ಈ ಎರಡು ಸಂದುಗಳ ನಡುವಿನ ಹೊತ್ತು ಇದೆಯಲ್ಲ, ಅದೇ ನನ್ನ ಜೀವ ತಿನ್ನುವುದು. ಎದುರಿಗಿದ್ದರೆ ತಪ್ಪು ಮಾತಾಡಿದ ತಕ್ಷಣ ಮುಖ ಬಾಡುತ್ತದೆ, ತಿದ್ದಿಕೊಳ್ಳಬಹುದು. ಇಲ್ಲಿ ನನ್ನ ಮಾತು ಯಾವ ಹೊತ್ತಿನಲ್ಲಿ ಯಾರ ಕಿವಿಗೆ ಬೀಳುತ್ತದೋ, ಆಗ ಅವರು ಬಾವಿಕಟ್ಟೆಯಲ್ಲಿದ್ದಾರೋ ಒಲೆ ಮುಂದಿದ್ದಾರೋ ಗೊತ್ತಿಲ್ಲ. ಅದಕ್ಕೇ ಒಂದೊಂದು ಸಂದೇಶವನ್ನೂ ಅಳಿಸಿ ಅಳಿಸಿ ಮತ್ತೆ ಹೇಳುತ್ತಿದ್ದೆ. ದನಿ ನಡುಗಬಾರದು, ಅವಸರ ಕಾಣಬಾರದು. ನಮ್ಮವ್ವನಿಗೂ ಊರಿಗೆ ದಿನಾ ಹೀಗೇ ಕಳಿಸುತ್ತಿದ್ದೆ. “ಚೆನ್ನಾಗಿದ್ದೀನಿ ಕಣವ್ವ, ಊಟ ಆಯ್ತು.” ಅದನ್ನೂ ಅಳಿಸಿ ಅಳಿಸಿ ಹೇಳಿದ್ದೇ.

ಊರು ಕಲಿಯುವುದೇನು ಸುಲಭವಾಗಿತ್ತೇ? ಬ್ರೂಸ್‌ಪೇಟೆಯ ಓಣಿಯಲ್ಲಿ ಶರಣಮ್ಮನವರ ಮನೆ. ಕೆಳಗೆ ಕೊಬ್ಬರಿ, ಬೆಲ್ಲ, ಒಣಹಣ್ಣಿನ ಸಗಟು ಅಂಗಡಿ, ಮಾಳಿಗೆಯ ಮೇಲೆ ನನ್ನ ಕೋಣೆ. ಮೆಟ್ಟಿಲ ತನಕ ಬೆಲ್ಲದ ವಾಸನೆ. ಕಿಟಕಿ ತೆಗೆದರೆ ಬೆಟ್ಟ; ಒಂದು ಮರದ ನೆರಳಿಲ್ಲದ ಬರೀ ಬಂಡೆ, ಹಗಲೆಲ್ಲ ಕಾದು ಸಂಜೆ ಓಣಿಯ ಮೇಲೆ ಝಳ ಬಿಡುತ್ತದೆ. ಹಸಿವಾಗಿ ಹೋಟೆಲಿಗೆ ಹೋದರೆ “ಒಗ್ಗರಣಿ ಕೊಡ್ಲೇನ್ರಿ?” ಅಂದರು. ನಮ್ಮಲ್ಲಿ ಒಗ್ಗರಣೆ ಅಂದರೆ ಸಾರಿಗೆ ಹಾಕುವ ಸಾಸಿವೆ ಕರಿಬೇವು. ಇಲ್ಲಿ ಅದೇ ಒಂದು ತಟ್ಟೆ ತಿಂಡಿ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಪುಟಾಣಿ ಹಿಟ್ಟು ಹಾಕಿ ಕಲಸಿ, ಪಕ್ಕಕ್ಕೆ ಬಿಸಿ ಮಿರ್ಚಿ ಇಟ್ಟು ಕೊಡುತ್ತಾರೆ. ಮುದ್ದೆ ನುಂಗಿ ಬೆಳೆದ ಗಂಟಲಿಗೆ ಮೊದಮೊದಲು ಇಳಿಯಲಿಲ್ಲ, ಈಗ ಭಾನುವಾರ ಅದಿಲ್ಲದಿದ್ದರೆ ಏನೋ ಕಳಕೊಂಡ ಹಾಗೆ. ತರಕಾರಿಯವಳು ನನ್ನ ಮುಖ ನೋಡಿದ ಕೂಡಲೇ ತೆಲುಗಿಗೆ ತಿರುಗುತ್ತಿದ್ದಳು. ಕನ್ನಡವೇ ಕಣಮ್ಮ ಅಂದರೆ, “ನಿಮ್ಮದು ಯಾ ಕಡೆ ಕನ್ನಡ್ರೀ, ಬರೀ ರಾಗ!” ಅಂತ ನಗುತ್ತಿದ್ದಳು.

ಇಂಥ ಹೊತ್ತಿನಲ್ಲಿ ನೀಲಾ ನನ್ನ ಕಿವಿಗೆ ಬಂದಳು. ಅದು ಅವಳ ನಿಜವಾದ ಹೆಸರಲ್ಲ; ಬರೆಯುತ್ತೇನೆ ಅಂದಾಗ ಹೆಸರು ಬದಲಿಸಿ ಬರೀರಿ ಅಂದವಳು ಅವಳೇ. ಕೊಟ್ಟದ್ದು ಕುರುಗೋಡಿಗೆ, ತವರು ಸಿರಿಗೇರಿ. ಮೊದಲ ಹೆರಿಗೆ, ಹೆಣ್ಣುಕೂಸು, ತವರಿನಲ್ಲಿ ಬಾಣಂತನ. ಕುರುಗೋಡಿನಲ್ಲಿ ತಪಾಸಣೆಗೆ ಹೋಗುತ್ತಿದ್ದಾಗ ಅಲ್ಲಿಯ ನರ್ಸೊಬ್ಬರು ನಮ್ಮ ನಂಬರ್ ಕೊಟ್ಟಿದ್ದರಂತೆ.

ಇಲ್ಲಿಯ ಬಾಣಂತನದ ಕಟ್ಟುನಿಟ್ಟು ನಮ್ಮ ಕಡೆಯದಕ್ಕಿಂತ ಒಂದು ಕೈ ಮೇಲೆ. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಹೊರಸಿನ ಕೆಳಗೆ ಕೆಂಡ, ಅಜವಾನದ ಹೊಗೆ. ಕಿವಿಗೆ ಹತ್ತಿ, ಮೇಲೆ ತಲೆಗೂ ಕಿವಿಗೂ ಸೇರಿಸಿ ಬಿಗಿದ ಅರಿವೆ. ಗಾಳಿ ಹೊಕ್ಕರೆ ಜನ್ಮವೆಲ್ಲ ತಲೆಶೂಲೆ ಅಂತ. ಫೋನ್ ಮುಟ್ಟುವ ಹಾಗಿಲ್ಲ. ಮನೆಗೆ ಇರುವುದೊಂದೇ ಫೋನು, ಅದು ತಾಯಿಯದು, ಬಾಣಂತಿಯ ದಿಂಬಿನ ಪಕ್ಕವೇ ಇರುತ್ತದೆ. ಅಳಿಯನ ಕರೆ ಬಂದರೆ ತಾಯಿಯೇ ಎತ್ತುತ್ತಾಳೆ.

ಆದರೆ ನೀಲಾ ಜಾಣೆ. ಹತ್ತಿ ತೆಗೆದು ಇಯರ್‌ಫೋನಿನ ಒಂದು ಮೊಗ್ಗು ಕಿವಿಗಿಟ್ಟುಕೊಂಡು ಮೇಲೆ ಅರಿವೆ ಬಿಗಿದುಕೊಳ್ಳುತ್ತಿದ್ದಳು. ವಯರು ರವಿಕೆಯೊಳಗಿಂದ ದಿಂಬಿನ ಕೆಳಗೆ ಸರಿಸಿದ ಫೋನಿಗೆ. ತಾಯಿ ಮಗ್ಗುಲಲ್ಲೇ ಕೂತು ಅವರೆ ಸುಲಿಯುತ್ತಿದ್ದರೂ ನನ್ನ ಮಾತು ಅವಳಿಗೆ ಕೇಳುತ್ತಿತ್ತು. ಉತ್ತರ ಹೇಳುವುದು ಹೇಗೆ? ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದರ ಜೊತೆ ಮಾತಾಡುತ್ತಿದ್ದಳು. ಕೂಸಿನ ಜೊತೆ ಮಾತಾಡುವ ಬಾಣಂತಿಯನ್ನು ಯಾರು ಬೇಡ ಅನ್ನುತ್ತಾರೆ?

“ಏನವಾ ನನ್ನ ಬಂಗಾರಾ, ನಕ್ಕಿಯೇನವಾ? ನಿಮ್ಮವ್ವಗ ಇವತ್ತು ಮತ್ತ ಅಂಜಿಕಿ ಬಂತ ನೋಡು. ನಿಮ್ಮಜ್ಜಿ ನಿನಗ ನೀರ ಹಾಕಾಕತ್ತಿದ್ಲಲ್ಲ, ಆವಾಗ. ನನ್ನ ಕೈಯಾಗ ಕೊಟ್ಟಿದ್ರ ನಿನ್ನ ನೀರಾಗ ಬಿಟ್ಟೇಬಿಡತಿದ್ದೆ ಅನಿಸ್ತವಾ. ಇಂಥಾಕಿ ಅವ್ವ ಆಗಬಾರದಿತ್ತು ನೋಡು ನಿನಗ…”

ಇದಿಷ್ಟೂ ಕೂಸಿನ ಕಿವಿಯ ಹತ್ತಿರ ಮೆಲ್ಲಗೆ, ಮುದ್ದು ಮಾಡುವ ರಾಗದಲ್ಲಿ; ಪಕ್ಕದವರಿಗೆ ರಾಗವಷ್ಟೇ ಕೇಳುವ ಹಾಗೆ. ಹಿಂದೆ ಅವಳ ತಾಯಿ ಏನೋ ಹೇಳಿ ನಗುವುದು ಕೇಳುತ್ತಿತ್ತು. ಮೊದಲ ಸಲ ಕೇಳಿದಾಗ ನಂಬಲಾಗದೆ ಮತ್ತೆ ಮೊದಲಿಂದ ಹಾಕಿ ಕೇಳಿದೆ.

ಹೆರಿಗೆಯಾದ ಕೆಲವು ಹೆಂಗಸರಿಗೆ ಇಂಥ ಬೇಡದ ಯೋಚನೆಗಳು ನುಗ್ಗುತ್ತವೆ. ಅದು ಆಸೆಯಲ್ಲ, ಆಸೆಯಲ್ಲವಾದ್ದರಿಂದಲೇ ಅವರು ಅಷ್ಟು ನಡುಗುತ್ತಾರೆ. ಆದರೆ ಅಪರೂಪಕ್ಕೆ ಬೇರೆ ಥರದ ಕಾಯಿಲೆಯೂ ಇರುತ್ತದೆ, ಅದರಲ್ಲಿ ನಿಜವಾದ ಅಪಾಯ. ಎರಡನ್ನೂ ಬೇರ್ಪಡಿಸಲು ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕಳಿಸಿದೆ. ಯಾರೂ ಇಲ್ಲದಾಗ ಯಾರೋ ಮಾತಾಡಿದ ಹಾಗೆ ಕೇಳುತ್ತದಾ? ಹಾಗೆ ಮಾಡು ಅಂತ ಯಾರಾದರೂ ಹೇಳುತ್ತಾರಾ? “ಇಲ್ಲವಾ ಬಂಗಾರಾ, ಯಾರೂ ಹೇಳಂಗಿಲ್ಲ” ಅಂತ ಕೂಸಿಗೆ ಹೇಳಿದಳು. ನಮ್ಮ ಸಂಸ್ಥೆಯ ಡಾಕ್ಟರಿಗೆ ತಿಳಿಸಿದೆ. ಬಳ್ಳಾರಿಗೆ ಕರೆತರಲು ಆಗುತ್ತಾ ಅಂದರು. ಬಾಣಂತಿ ಹೊಸಲು ದಾಟುವ ಹಾಗಿರಲಿಲ್ಲ. ಹಾಗಾದರೆ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಾಗಲೇಬೇಕು ಅಂದರು. ಅದಕ್ಕೇ ನೀಲಾಳಿಗೆ ಒಂದು ಸಂದೇಶ ಕಳಿಸಿದೆ: “ನಿನಗೆ ಬರ್ತಿರೋದು ಬರೀ ಯೋಚನೆ. ಕೂಸಿನ ಮೇಲೆ ಅಷ್ಟು ಜೀವ ಇರೋದಕ್ಕೇ ಅಷ್ಟು ಹೆದರಿಕೆ. ನೀನು ಕೆಟ್ಟ ತಾಯಿ ಅಲ್ಲ ನೀಲಾ. ಆದರೆ ಇದನ್ನ ಒಬ್ಬಳೇ ಹೊರಬೇಡ. ಮಗ್ಗುಲಲ್ಲೇ ಅವ್ವ ಇದ್ದಾರೆ. ಅವರಿಗೆ ಹೇಳು.”

ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಫೋನ್ ನೋಡಿದರೆ ಅವಳ ಉತ್ತರ ಬಂದಿತ್ತು. ಹಿಂದಿನ ಸಂಜೆ ಮಾತಾಡಿದ್ದು, ಸಿಗ್ನಲ್ ಸಿಕ್ಕಿ ನನಗೆ ತಲುಪಿದ್ದು ಈಗ.

“ನಾಳಿ ಅಜ್ಜಿ ತಾತ ಸಿರುಗುಪ್ಪಕ್ಕ ಮದಿವಿಗೆ ಹೊಕ್ಕಾರಂತವಾ. ನಾವಿಬ್ರ ಮನ್ಯಾಗ. ನಿನಗ ನಾನೇ ನೀರ ಹಾಕಬೇಕಂತ. ನಾ ಒಲ್ಲೆ ಅಂದ್ರ ಯಾಕಂತ ಕೇಳ್ತಾರ. ಏನ ಹೇಳ್ಲವಾ?”

ಅಷ್ಟೇ. ಲೋಟ ಎಲ್ಲಿಟ್ಟೆನೋ ನೆನಪಿಲ್ಲ. ನಾವಾಗಿ ಕರೆ ಮಾಡಬಾರದು ಅನ್ನುವುದು ನಮ್ಮ ನಿಯಮ. ಮುರಿದು ಕರೆ ಮಾಡಿದೆ. ಫೋನ್ ಸ್ವಿಚ್ ಆಫ್. ತುರ್ತಿಗೆ ಅಂತ ಮನೆಯವರ ಇನ್ನೊಂದು ನಂಬರ್ ತೆಗೆದುಕೊಂಡಿರಬೇಕು. ಕೇಳಿದಾಗ ನೀಲಾ “ಇದೇ ನಂಬರ್ರೀ, ಅವ್ವ ಎತ್ತತಾಳ” ಅಂದಿದ್ದಳು, ನಾನು ಪೆದ್ದಿ ಸರಿ ಅಂದಿದ್ದೆ. ಡಾಕ್ಟರಿಗೆ ಫೋನ್ ಮಾಡಿದರೆ ಎರಡನೇ ಮಾತಿಲ್ಲ: “ಹೊರಡಿ. ತಡ ಮಾಡಬೇಡಿ. ತಾಯಿಗೆ ತಿಳಿಸಿ.”

ದಡದಡ ಕೆಳಗಿಳಿದೆ. ಶರಣಮ್ಮನವರು ಅಂಗಡಿ ಬಾಗಿಲಿಗೆ ನೀರು ಹಾಕುತ್ತಿದ್ದರು. “ಅಮ್ಮಾ, ಸಿರಿಗೇರೀಲಿ ಒಬ್ಬ ಬಾಣಂತಿ, ಈಗಲೇ ಹೋಗ್ಬೇಕು, ಹೆಚ್ಚಿಗೆ ಕೇಳ್ಬೇಡಿ” ಅಂದೆ. ಅವರು ನನ್ನ ಮುಖ ನೋಡಿದರು. ಕೇಳಲಿಲ್ಲ. ಅಂಗಡಿಯ ಲಗೇಜ್ ಗಾಡಿ ಡ್ರೈವರನ್ನು ಕೂಗಿ, ತಾವೇ ಸೆರಗು ಸಿಕ್ಕಿಸಿ ಒಳಗೆ ಹೋಗಿ ಕೊಬ್ಬರಿ, ಖಾರಿಕ ಅನ್ನುವ ಒಣ ಖರ್ಜೂರ, ಬಾಣಂತಿಯರಿಗೆ ಕೊಡುವ ಅಂಟಿನುಂಡಿ ಒಂದು ಡಬ್ಬಿ ಕಟ್ಟತೊಡಗಿದರು.

“ಅಮ್ಮಾ, ಅದಕ್ಕೆಲ್ಲ ಟೈಮಿಲ್ಲ!” ನಾನು ಕಿರುಚಿದೆ ಅಂತಲೇ ಹೇಳಬೇಕು.

“ಏಯ್ ಸುಮ್ಮಿರ್ರಿ. ಬರಿಗೈಲೆ ಬಾಣಂತಿ ಮನಿಗೆ ಹೋದ್ರ ಹೊಸಲಾಗ ನಿಲ್ಲಿಸಿ ಯಾರ್ರೀ ನೀವು ಅಂತಾರ. ಕೈಯಾಗ ಅಂಟಿನುಂಡಿ ಇದ್ರ ಬರ್ರಿ ಅಂತಾರ. ಒಳಗ ಹೋಗಬೇಕೋ ಬ್ಯಾಡೋ?”

ಸಿರುಗುಪ್ಪದ ದಾರಿಯನ್ನು ನಾನು ಅದೇ ಮೊದಲು ನೋಡಿದ್ದು. ಬಂಡೆ, ಧೂಳು ಅಂದುಕೊಂಡಿದ್ದವಳಿಗೆ ಊರು ದಾಟಿ ಹೋದ ಹಾಗೆ ಗದ್ದೆಯೋ ಗದ್ದೆ. ಹಸಿರು ಭತ್ತ, ಕಾಲುವೆ, ಬೆಳ್ಳಕ್ಕಿ. ಥೇಟು ನಮ್ಮ ಮದ್ದೂರು ಸೀಮೆ. ಬೇರೆ ದಿನವಾಗಿದ್ದರೆ ಗಾಡಿ ನಿಲ್ಲಿಸಿ ಅತ್ತುಬಿಡುತ್ತಿದ್ದೆನೋ ಏನೋ. ಆವತ್ತು ನನಗೆ ಕಂಡದ್ದು ಬರೀ ನೀರು. ಕಾಲುವೆಯಲ್ಲಿ ತುಂಬಿ ಹರಿಯುವ ನೀರು, ಗದ್ದೆಯಲ್ಲಿ ನಿಂತ ನೀರು. ಒಲ್ಲೆ ಅನ್ನಲಾರದ ಹುಡುಗಿ, ಏನು ಹೇಳ್ಲವಾ ಅಂತ ಕೂಸನ್ನು ಕೇಳಿದ ಹುಡುಗಿ, ನೀರು ಕಾಯುವ ಹೊತ್ತಿಗೆ ಮನೆ ಬಿಟ್ಟು ಕಾಲುವೆ ಕಡೆ ಎದ್ದು ನಡೆದಿದ್ದರೆ? ನಾನು ಕಳಿಸಿದ ಒಂದೊಂದು ಸಂದೇಶವನ್ನೂ ನೆನೆದು, ಯಾವ ಮಾತು ಎಲ್ಲಿ ತಪ್ಪಿತು ಅಂತ ಹುಡುಕುತ್ತಿದ್ದೆ. ಶರಣಮ್ಮನವರು ದಾರಿಯುದ್ದಕ್ಕೂ ಬಾಯಲ್ಲಿ ಶಿವನಾಮ ಹೇಳುತ್ತಾ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸಿರಿಗೇರಿಯಲ್ಲಿ ನನಗೆ ಮನೆ ಗೊತ್ತಿರಲಿಲ್ಲ; ಕುರುಗೋಡಿಗೆ ಕೊಟ್ಟ ಹುಡುಗಿ ಅಂತಷ್ಟೇ ಗೊತ್ತು ಅಂದೆ. ಶರಣಮ್ಮನವರು ನೀರು ತರುವವಳೊಬ್ಬಳನ್ನು ತಡೆದು “ಬಾಣಂತಿ ಮನಿ ಯಾವುದವಾ? ಕುರುಗೋಡಿಗೆ ಕೊಟ್ಟಾರಲ್ಲ, ಆ ಹುಡುಗಿ” ಅಂದರು. ಅವಳು ಕೊಡ ಇಳಿಸದೆ ಕತ್ತಿನಲ್ಲೇ ತೋರಿಸಿದಳು. ಯಾಕೆ, ಯಾರು ಅಂತ ಕೇಳಲಿಲ್ಲ. ಡಬ್ಬಿ ಕಂಡಿತ್ತಲ್ಲ.

ಬಾಗಿಲು ತೆಗೆದದ್ದು ನೀಲಾಳ ತಾಯಿ. ಹುಲಿಗೆಮ್ಮ ಅಂತಿರಲಿ ಹೆಸರು. ಮದುವೆಗೆ ಹೋಗಬೇಕಿದ್ದವಳು ಮನೆಯಲ್ಲೇ ಇದ್ದಳು, ಹೊಸ ಸೀರೆ ಉಟ್ಟಿದ್ದಳು, ಕಣ್ಣು ಊದಿತ್ತು. ಯಾಕೆ ಹೋಗಲಿಲ್ಲ? ಯಾಕೆ ಅತ್ತಿದ್ದಾಳೆ?

“ಕುರುಗೋಡಿಂದ ಬಂದೀವಿ ಯವ್ವಾ, ಬಾಣಂತಿ ನೋಡಾಕ” ಅಂತ ಶರಣಮ್ಮನವರು ಮುಖದಲ್ಲಿ ಒಂದು ಗೆರೆ ಅಲುಗದ ಹಾಗೆ ಸುಳ್ಳು ಹೇಳಿದರು. ಹುಲಿಗೆಮ್ಮ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಪಡಸಾಲೆಯಲ್ಲಿ ಕೂರಿಸಿದಳು. ದಾರಿಯಿಂದ ಬಂದವರು ಬಂದ ಹಾಗೇ ಬಾಣಂತಿ ಕೋಣೆಗೆ ಹೋಗುವಂತಿಲ್ಲ, ಹೊರಗಿನ ಗಾಳಿ ಆರಬೇಕು. ಕೋಣೆಯ ಬಾಗಿಲು ಮುಚ್ಚಿತ್ತು. ಸಂದಿಯಿಂದ ಹೊಗೆ ಬರುತ್ತಿತ್ತು. ಕೂಸಿನ ದನಿ ಇಲ್ಲ. ನೀಲಾಳ ದನಿ ಇಲ್ಲ. ಬಚ್ಚಲಲ್ಲಿ ಹಂಡೆ ಕಾದು ಗುಳುಗುಳು ಅನ್ನುವುದು ಮಾತ್ರ ಕೇಳುತ್ತಿತ್ತು. ನಾನು ಏಳಲು ಹೋದೆ, ಶರಣಮ್ಮನವರು ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದರು.

“ಕುರುಗೋಡು ಅಂದ್ರಿ, ಯಾರ ಪೈಕಿ?” ಹುಲಿಗೆಮ್ಮ ಕೇಳಿದಳು.

ನನಗೆ ತಡೆಯಲಾಗಲಿಲ್ಲ. “ಅಮ್ಮಾ, ಮಗು ಎಲ್ಲಿ? ಮಗು ಚೆನ್ನಾಗಿದೆ ತಾನೆ?” ಅಂದುಬಿಟ್ಟೆ.

ಹುಲಿಗೆಮ್ಮ ತಂಬಿಗೆ ಹಿಡಿದವಳು ಹಾಗೇ ನಿಂತಳು. ನನ್ನ ಮುಖ ನೋಡಲಿಲ್ಲ, ಬಾಯಿ ನೋಡಿದಳು.

“ಇನ್ನೊಮ್ಮೆ ಮಾತಾಡ್ರಿ” ಅಂದಳು.

ನಾನು ಬೆಪ್ಪಾಗಿ “ಏನಮ್ಮಾ?” ಅಂದೆ.

“ನೀವಾ? ನನ್ನ ಮಗಳ ಕಿವ್ಯಾಗ ಇರಾಕಿ ನೀವಾ?”

ನಡೆದದ್ದು ಇಷ್ಟು. ಮದುವೆಗೆ ಹೊರಡುವ ಮುಂಚೆ ಹುಲಿಗೆಮ್ಮ ಮಗಳ ತಲೆಗೆ ಅರಿವೆ ಮತ್ತೆ ಬಿಗಿಯಲು ಹೋಗಿದ್ದಾಳೆ. ಕಿವಿಯಿಂದ ಹತ್ತಿಯ ಬದಲು ವಯರು ಬಂದಿದೆ. ಗಂಡನ ಜೊತೆ ಕದ್ದು ಮಾತಾಡುತ್ತಾಳೆ ಅಂದುಕೊಂಡು, ಅಳಿಯ ಏನು ಹೇಳುತ್ತಿದ್ದಾನೆ ನೋಡೋಣ ಅಂತ ತನ್ನ ಕಿವಿಗೆ ಇಟ್ಟುಕೊಂಡಿದ್ದಾಳೆ. ಕೇಳಿದ್ದು ನನ್ನ ಮಾತು. ನೀನು ಕೆಟ್ಟ ತಾಯಿ ಅಲ್ಲ ನೀಲಾ. ಮಗ್ಗುಲಲ್ಲೇ ಅವ್ವ ಇದ್ದಾರೆ, ಅವರಿಗೆ ಹೇಳು. ತನ್ನ ಗಂಡನೊಬ್ಬನನ್ನೇ ಮದುವೆಗೆ ಕಳಿಸಿ, ಮತ್ತೆ ಆ ದನಿ ಏನಾದರೂ ಅಂದುಬಿಟ್ಟರೆ ಅಂತ ಹೆದರಿ ಫೋನ್ ಆರಿಸಿ, ಬಾಗಿಲು ಹಾಕಿಕೊಂಡು ಕೂತುಬಿಟ್ಟಿದ್ದಾಳೆ. ಮಗಳು ಅಳುತ್ತಾ ಎಲ್ಲ ಹೇಳಿದ್ದಾಳೆ. ಕೂಸು ಏನೂ ಅರಿಯದೆ ಹಾಲು ಕುಡಿದು ಮಲಗಿತ್ತು.

ಹುಲಿಗೆಮ್ಮ ನನ್ನನ್ನು ಬೈಯುತ್ತಾಳೆ ಅಂದುಕೊಂಡೆ. ಬೈದಳು ಕೂಡ. “ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ಆಕಿ ಅಂಜಿಕಿ ಎಲ್ಲೋ ಬಳ್ಳಾರ್ಯಾಗ ಇರಾಕಿಗೆ ಗೊತ್ತು, ನನಗ ಗೊತ್ತಿಲ್ಲ. ಮಗ್ಗಲಾಗ ಇದ್ದೆ ನಾನು. ನಕ್ಕೊಂತ ಅವರಿ ಸುಲದೆ. ಆಕಿ ಕಿವಿಗೆ ಹತ್ತಿ ತುರುಕಿದಾಕಿ ನಾನು, ಅರಿವಿ ಬಿಗದಾಕಿ ನಾನು…” ಅಂದವಳೇ ಸೆರಗು ಬಾಯಿಗಿಟ್ಟುಕೊಂಡಳು. ಶರಣಮ್ಮನವರು ಎದ್ದು ಹೋಗಿ ಅವಳ ಬೆನ್ನು ಸವರಿದರು.

ಹುಲಿಗೆಮ್ಮ ಮೂಗು ಒರೆಸಿಕೊಂಡು, ಬಚ್ಚಲ ಕಡೆ ಕೈ ತೋರಿಸಿ ಕೇಳಿದಳು: “ನೀರು ಕಾದಾವು. ಈಗ ಹೇಳ್ರಿ. ಆಕಿ ಕೈಯಾಗ ಕೂಸು ಕೊಡ್ಲೋ ಬ್ಯಾಡೋ?”

ಯೋಚಿಸಿ ನಾಳೆ ಹೇಳುತ್ತೇನೆ ಅನ್ನುವ ಹಾಗಿಲ್ಲ. ಹೇಳಿ, ಕೇಳಿ, ಸರಿಯಿಲ್ಲ ಅಂತ ಅಳಿಸುವ ಹಾಗಿಲ್ಲ. ತಪ್ಪಿದರೆ ಒಂದು ಜೀವ. ಒಳಗೆ ಹೋದೆ. ನೀಲಾ ಗೋಡೆ ಕಡೆ ತಿರುಗಿ ಕೂತಿದ್ದಳು. ನಾನು ಕಲ್ಪಿಸಿಕೊಂಡಿದ್ದಕ್ಕಿಂತ ಚಿಕ್ಕವಳು, ಬಿಚ್ಚಿದ ಅರಿವೆ ಕುತ್ತಿಗೆಯಲ್ಲಿ. ಸಂದೇಶದಲ್ಲಿ ಕೇಳಿದ್ದನ್ನೆಲ್ಲ ಎದುರಿಗೆ ಕೂತು ಮತ್ತೆ ಕೇಳಿದೆ. ಅವಳು ನನ್ನನ್ನು ನೋಡಲಿಲ್ಲ, ಕೂಸಿನ ಕಡೆ ನೋಡಿಯೇ ಉತ್ತರ ಕೊಟ್ಟಳು. “ನೋಡವಾ, ಅಕ್ಕಾರ ಬಂದಾರ. ಯಾರೂ ಏನೂ ಹೇಳಂಗಿಲ್ಲ ನನಗ ಅಂತ ಹೇಳು. ನಿನಗೇನರ ಆದ್ರ ನಾ ಉಳಿಯಂಗಿಲ್ಲ ಅಂತ ಹೇಳು.” ಅಷ್ಟರಲ್ಲಿ ಕೂಸು ಎಚ್ಚೆತ್ತು ಕುಂಯ್ ಅಂದಿತು. ನಾನು, ಹುಲಿಗೆಮ್ಮ ತಿರುಗುವ ಮೊದಲೇ ನೀಲಾಳ ಕೈ ಅದರ ಕತ್ತಿನ ಕೆಳಗೆ ಹೋಗಿತ್ತು. ಆ ಕೈ ನೋಡಿದೆ. ಎಷ್ಟು ಸಂದೇಶ ಕೇಳಿದ್ದರೂ ನನಗೆ ಆ ಕೈ ಕಂಡಿರಲಿಲ್ಲ.

“ಕೊಡಿ” ಅಂದೆ. “ಆದರೆ ಒಬ್ಬಳಿಗೇ ಬೇಡ. ಇಬ್ಬರೂ ಸೇರಿ ಹಾಕಿ. ಇವತ್ತು ಮಾತ್ರ ಅಲ್ಲ, ದಿನಾ.”

ನೀಲಾ ಮಣೆಯ ಮೇಲೆ ಕಾಲು ಚಾಚಿ ಕೂತಳು. ಕೂಸು ಅವಳ ಕಾಲುಗಳ ಮೇಲೆ, ಎಣ್ಣೆಯಲ್ಲಿ ಮಿರಮಿರ. ಹುಲಿಗೆಮ್ಮ ಮೊಣಕೈಯಲ್ಲಿ ನೀರು ನೋಡಿ, ಬೆರೆಸಿ, ಸುರಿದಳು. ನೀಲಾಳ ತುಟಿ ಬಿಳಚಿಕೊಂಡಿತ್ತು. “ಬಂತವಾ, ಅಂಜಿಕಿ ಬಂತು. ಬರ್ಲಿ ಬಿಡು. ನಾ ಇಲ್ಲೇ ಅದೀನಿ” ಅಂತ ಕೂಸಿಗೆ ಹೇಳುತ್ತಿದ್ದಳು. ಬಚ್ಚಲ ಬಾಗಿಲಲ್ಲಿ ನಾನು ನಿಂತಿದ್ದೆ. ತರಬೇತಿ, ಓದು ಎಲ್ಲ ಹಾಗಿರಲಿ, ಅವಳ ಹತ್ತು ಬೆರಳ ಮೇಲೇ ನನ್ನ ಕಣ್ಣು. ಕೂಸು ಚೀರಿ ಚೀರಿ ಅತ್ತು, ಬಟ್ಟೆ ಸುತ್ತಿದ ಮೇಲೆ ಸುಮ್ಮನಾಯಿತು.

ಆ ವಾರವೇ ಹುಲಿಗೆಮ್ಮ ಹೊಸಲು ದಾಟಿಸಿ ಮಗಳನ್ನು ನಮ್ಮ ಡಾಕ್ಟರ ಹತ್ತಿರ ಕರೆತಂದಳು. ಮಾತ್ರೆ ಶುರುವಾಗಿದೆ, ನಮ್ಮ ಸಂದೇಶಗಳೂ ನಡೆದಿವೆ. ಅಂಜಿಕೆ ಹೋಗಿಲ್ಲ, ಕಡಿಮೆಯಾಗಿದೆ, ಅಷ್ಟೇ. ಈಗ ಇಯರ್‌ಫೋನಿನ ಎರಡನೇ ಮೊಗ್ಗು ಹುಲಿಗೆಮ್ಮನ ಕಿವಿಯಲ್ಲಿ ಇರುತ್ತದಂತೆ. ದಿನಾ ನೀರು ಹಾಕಿದ ಮೇಲೆ ಒಂದು ಸಂದೇಶ ಬರುತ್ತದೆ, “ಆತು ನೋಡವಾ ಜಳಕ” ಅಂತ ಒಂದೇ ಮಾತು. ಆ ಮಾತು ಬರುವ ತನಕ ನನಗೆ ತಿಂಡಿ ಇಳಿಯುವುದಿಲ್ಲ. ಶರಣಮ್ಮನವರು ಈಗಲೂ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಾರೆ, ಆದರೆ ಮೆಣಸಿನಕಾಯಿ ತರುವುದಿಲ್ಲ. “ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು” ಅಂತ ನಗುತ್ತಾರೆ.

ಯುಗಾದಿಗೆ ಊರಿಗೆ ಹೋಗಿದ್ದೆ. ಬೆಳಿಗ್ಗೆ ಅವ್ವ ಜಗಲಿಯಲ್ಲಿ ಕೂತು ನೆನೆಸಿದ ಒಣ ಅವರೆ ಹಿದುಕುತ್ತಿದ್ದಳು. ನಾನು ಪಕ್ಕದಲ್ಲೇ ಫೋನ್ ಹಿಡಿದು ಕೂತಿದ್ದೆ. ನೀರು ಹಾಕುವ ಹೊತ್ತು ಮೀರಿತ್ತು, ಸಂದೇಶ ಬಂದಿರಲಿಲ್ಲ. ಎದ್ದೆ, ಕೂತೆ, ಸಿಗ್ನಲ್ ಸಿಗುತ್ತದೇನೋ ಅಂತ ತೆಂಗಿನಮರದ ತನಕ ಹೋಗಿ ಬಂದೆ.

“ಅಲ್ಲಿ ಹೆಂಗಿದ್ದೀಯೆ ಮಗ?” ಅವ್ವ ತಲೆ ಎತ್ತದೆ ಕೇಳಿದಳು.

ಚೆನ್ನಾಗಿದ್ದೀನಿ ಕಣವ್ವ ಅನ್ನುವ ಮಾತು ಬಾಯಿಗೆ ಬಂದೇಬಂತು. ಅಷ್ಟು ಸಲ ಹೇಳಿ ಪಳಗಿಸಿದ ಮಾತು. ಅವ್ವನ ಬೆರಳುಗಳು ಕಾಳಿನ ಸಿಪ್ಪೆ ಬಿಡಿಸುತ್ತಿದ್ದವು. ಮಗ್ಗಲಾಗ ಇದ್ದೆ ನಾನು, ನಕ್ಕೊಂತ ಅವರಿ ಸುಲದೆ ಅಂತ ಹುಲಿಗೆಮ್ಮ ಅತ್ತದ್ದು ನೆನಪಾಯಿತು.

“ಭಯ ಆಯ್ತದೆ ಕಣವ್ವ” ಅಂದೆ. “ದಿನಾ ಭಯ ಆಯ್ತದೆ.”

ಅವ್ವ ಕಾಳಿನ ಬಟ್ಟಲು ಪಕ್ಕಕ್ಕಿಟ್ಟಳು. “ನಂಗೊತ್ತಿತ್ತು ಕಣೆ. ನೀನು ಫೋನ್‌ನಲ್ಲಿ ಅಷ್ಟು ನೀಟಾಗಿ ಮಾತಾಡುವಾಗ್ಲೇ ಅನ್ಕತಿದ್ದೆ, ಇವಳಿಗೇನೋ ಆಗ್ಯದೆ ಅಂತವ” ಅಂದಳು. ಆಮೇಲೆ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು, ಕೂದಲು ಸರಿಮಾಡಿ, “ಹಂಗಾರೆ ಬಂದ್ಬುಡು ಇಲ್ಗೆ. ಯಾಕೆ ಬೇಕು ಆ ಬಿಸ್ಲು, ಆ ಭಯ?” ಅಂದಳು.

ಹೂಂ ಅನ್ನಬೇಕು ಅನಿಸಿತು, ನಿಜವಾಗಿಯೂ ಅನಿಸಿತು. ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ಟಿಣ್ ಅಂದಿತು. ಅವ್ವನ ಮಡಿಲಿನಿಂದ ತಲೆ ಎತ್ತಿ, ಅವಳಿಗೂ ಕೇಳಲಿ ಅಂತ ಜೋರಾಗಿ ಹಾಕಿದೆ. ಕೂಸಿನ ಅಳು, ನೀರಿನ ಸಪ್ಪಳ, ಹುಲಿಗೆಮ್ಮನ ಗದರಿಕೆ, ಎಲ್ಲದರ ನಡುವೆ ನೀಲಾ: “ಆತು ನೋಡವಾ ಜಳಕ.”

ಅವ್ವನಿಗೆ ಏನೂ ಅರ್ಥವಾಗಲಿಲ್ಲ. ಹಗುರಾದ ನನ್ನ ಮುಖ ನೋಡಿ, ಬಂದ್ಬುಡು ಅನ್ನುವ ಮಾತನ್ನು ಮತ್ತೆ ಎತ್ತಲಿಲ್ಲ.